ಮಳೆಯ ಪುಸ್ತಕ ಮತ್ತು ಚೆಕ್‌ರೋಲು

ನಮಸ್ಕಾರ. ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಹಳೆಯ ಕಾಫಿ ತೋಟವೊಂದರ ಆಫೀಸು ಕೋಣೆಯಲ್ಲಿ, ಗೊಬ್ಬರದ ಚೀಲಗಳ ಹಿಂದೆ ಒಟ್ಟಿದ್ದ ಲೆಕ್ಕದ ಪುಸ್ತಕಗಳಲ್ಲಿ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎರಡೂ ದೊರೆಗಳ, ಅಂದರೆ ಬಿಳಿಯ ತೋಟಮಾಲೀಕರ, ಕಾಲದವು. ಒಂದು ಮಳೆಯ ಪುಸ್ತಕ. ಅದರಲ್ಲಿ ಪ್ರತಿದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿದ್ದರು. ಮಳೆ ಬಾರದ ದಿನವೂ ಸೊನ್ನೆ ಹಾಕುವುದನ್ನು ಮರೆತಿರಲಿಲ್ಲ. ಇನ್ನೊಂದು ಅದೇ ವರ್ಷದ ಚೆಕ್‌ರೋಲು. ಆಳುಗಳ ಹೆಸರು, ಎದುರಿಗೆ ಹಾಜರಿಯ ಗೀಟು. ಹೆಂಗಸರಲ್ಲಿ ಹಲವರಿಗೆ ಸ್ವಂತ ಹೆಸರೇ ಇರಲಿಲ್ಲ, ಇಂಥವನ ಹೆಂಡತಿ ಎಂದಷ್ಟೇ ಇತ್ತು. ಜುಲೈ ತಿಂಗಳ ಒಂದು ಸಾಲು 14ನೇ ತಾರೀಖಿಗೆ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಖಾಲಿ ಚೌಕಗಳು. ಅಂದು ಎಷ್ಟು ಮಳೆ ಸುರಿಯಿತೆಂಬುದು ನನಗೆ ಸಿಕ್ಕಿತು, ಆ ಮನುಷ್ಯ ಏನಾದನೆಂಬುದು ಸಿಗಲಿಲ್ಲ.

ನಮ್ಮ ಮಲೆನಾಡಿನ ವಸಾಹತು ಕಾಲದ ಚರಿತ್ರೆ ಬರೆಯುವವರು ಈ ಎರಡು ಪುಸ್ತಕಗಳನ್ನೂ ಒಟ್ಟಿಗೆ ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಹೆಚ್ಚಾಗಿ ಓದಿರುವುದು ದೊರೆಗಳು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದನ್ನು. ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ, ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಿಂದ ನೆರಳು ಮರ, ಗೊಬ್ಬರ, ಬೇಟೆಯ ವಿಷಯದಲ್ಲಿ ಕಲಿಯಬೇಕಾದದ್ದು ನಿಜವಾಗಿಯೂ ಬಹಳವಿದೆ. ಆದರೆ ತೋಟಕ್ಕೆ ಆಳುಗಳನ್ನು ಕೂಡಿಸಿ ತರುವ ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ಘಟ್ಟ ಹತ್ತಿದವನ ಬದುಕು ಅಂಥ ಪುಸ್ತಕಗಳಲ್ಲಿ ಅವನ ಮಾತಿನಲ್ಲಿ ದಾಖಲಾಗುವುದಿಲ್ಲ. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಜೈಲಿಗೂ ಕಳಿಸಬಹುದಾದ ಕಾಯ್ದೆಯನ್ನು ಬ್ರಿಟಿಷ್ ಸರ್ಕಾರ 1859ರಲ್ಲಿ ಮಾಡಿತ್ತು. ಆದ್ದರಿಂದ ಆಳಿನ ಚರಿತ್ರೆಯನ್ನು ಹುಡುಕುವವರು ತೋಟದ ಕಡತಗಳಿಗಿಂತ ಮೊದಲು ಮ್ಯಾಜಿಸ್ಟ್ರೇಟರ ಕಡತಗಳಲ್ಲಿ ಹುಡುಕಬೇಕಾಗುತ್ತದೆ.

ಹುಡುಕುವುದಕ್ಕೂ ಹೆಸರುಗಳು ಗೊತ್ತಿರಬೇಕು. ಸಕಲೇಶಪುರವೆಂದು ಹುಡುಕಿದರೆ ಹಳೆಯ ಕಡತಗಳಲ್ಲಿ ಸಿಗುವುದು ಸ್ವಲ್ಪವೇ; ಮಂಜರಾಬಾದ್ ಎಂದೋ, ಅದಕ್ಕೂ ಹಿಂದಿನ ಬಲಂ ಎಂದೋ ಹುಡುಕಬೇಕು, ಆ ಬಲಂ ಕೂಡ ಇಂಗ್ಲಿಷರ ಬರಹದಲ್ಲಿ ಬುಲ್ಲಂ ಆಗಿರುತ್ತದೆ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಮೈಸೂರನ್ನು ಬ್ರಿಟಿಷ್ ಕಮಿಷನರು ಆಳಿದ ಕಾಲದಲ್ಲಿ ಹಾಸನವು ಅಷ್ಟಗ್ರಾಮ ವಿಭಾಗಕ್ಕೂ, ಕಡೂರು ಶಿವಮೊಗ್ಗದ ಕಡೆಯ ನಗರವೆಂಬ ಊರಿನ ಹೆಸರಿನ ವಿಭಾಗಕ್ಕೂ ಸೇರಿದ್ದವು. ಹೀಗಾಗಿ ಒಂದೇ ಬೆಟ್ಟಸಾಲಿನ ಎರಡು ಮಗ್ಗುಲಿನ ಕಾಗದಗಳು ಬೇರೆ ಬೇರೆ ಕಟ್ಟುಗಳಲ್ಲಿವೆ, ಅವುಗಳಲ್ಲಿ ಕೆಲವು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ, ಕೆಲವು ದೆಹಲಿಯಲ್ಲಿ, ಕೆಲವು ಲಂಡನ್ನಿನಲ್ಲಿ.

ಬಲಂ ಎಂದಾಗ ಐಗೂರಿನ ಪಾಳೆಯಗಾರನ ಮಾತು ಬರಲೇಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಗೆ ತಲೆಬಾಗದ ಆತನನ್ನು 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಹಿಡಿದು ಗಲ್ಲಿಗೇರಿಸಿತು. ಅಂದಿನ ಇಂಗ್ಲಿಷ್ ಪತ್ರಗಳಲ್ಲಿ ಆತ ಬರೀ ದಂಗೆಕೋರ. ಇಂದಿನ ಭಾಷಣಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರ. ಈ ಎರಡು ಪದಗಳಲ್ಲಿ ಯಾವುದನ್ನು ಮೊದಲೇ ಒಪ್ಪಿಕೊಂಡರೂ, ಆ ಕಾಡಿನ ಹಳ್ಳಿಗಳ ರೈತರು ಅವನ ಜೊತೆ ಏಕೆ ನಿಂತರು, ಯಾರು ನಿಲ್ಲಲಿಲ್ಲ ಎಂಬ ಪ್ರಶ್ನೆ ನಮ್ಮ ಕೈತಪ್ಪುತ್ತದೆ. ಅದೇ ವೆಲ್ಲೆಸ್ಲಿಯ ಪತ್ರಗಳನ್ನು ಯಾವ ಊರಿಗೆ ಬೇಲಿಯಿತ್ತು, ಎಲ್ಲಿ ಕಾಡು ಕಡಿದು ದಾರಿ ಮಾಡಿದರು, ಅಕ್ಕಿ ಎಲ್ಲಿಂದ ಬಂತು ಎಂದು ಕೇಳುತ್ತ ಓದಿದರೆ, ಬರೆದವನು ಹೇಳಬೇಕೆಂದಿರದ ಸಂಗತಿಗಳೂ ಹೊರಬರುತ್ತವೆ. 1830ರ ನಗರದ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರರು ಎದ್ದ ಪ್ರಸಂಗವನ್ನೂ ಹೀಗೆಯೇ ಓದಬೇಕು. ಮರುವರ್ಷವೇ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡು 1881ರವರೆಗೂ ನಡೆಸಿದರು.

ಕಾಗದದಲ್ಲಿಲ್ಲದ್ದು ಜನರ ಬಾಯಲ್ಲಿ ಇರುತ್ತದೆ. ನಾನು ಪುಸ್ತಕ ನೋಡಿದ ಅದೇ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಹುಟ್ಟಿ ಬೆಳೆದ ಅಜ್ಜಿಯೊಬ್ಬರು, ನಕ್ಷೆಯಲ್ಲಿ ಬರೀ ನಂಬರಿರುವ ಒಂದು ತುಂಡನ್ನು ಹೆಣದ ಹಳ್ಳ ಎಂದು ಕರೆದರು. ದೊರೆಗಳ ಕಾಲದಲ್ಲಿ ದೊಡ್ಡ ಜ್ವರ ಬಂದಾಗ ಅಲ್ಲಿಯೇ ಹೂಳುತ್ತಿದ್ದರಂತೆ. ಅಜ್ಜಿಯ ಮಾತೆಂದು ಹಾಗೆಯೇ ಬರೆದುಕೊಳ್ಳುವುದೂ ತಪ್ಪು, ದಾಖಲೆಯಿಲ್ಲವೆಂದು ತಳ್ಳಿಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ಅದು ಮಲೇರಿಯಾ ಇರಬಹುದು, 1918ರ ಇನ್‌ಫ್ಲುಯೆಂಜಾ ಇರಬಹುದು. ಚೆಕ್‌ರೋಲಿನಲ್ಲಿ ಒಮ್ಮೆಲೇ ಎಷ್ಟು ಸಾಲು ನಿಂತವು, ಸರ್ಕಾರದ ಜನನ ಮರಣದ ಲೆಕ್ಕ ಏನು ಹೇಳುತ್ತದೆ ಎಂದು ತಾಳೆ ನೋಡಬೇಕು.

ತೋಟ ಕೈ ಬದಲಾದಾಗಲೆಲ್ಲ ಹಳೆಯ ಪುಸ್ತಕಗಳು ಮೊದಲು ಒಲೆಗೆ ಹೋಗುತ್ತವೆ, ಉಳಿದದ್ದನ್ನು ಗೆದ್ದಲು ತಿನ್ನುತ್ತದೆ. ಇಂಥ ಪುಸ್ತಕಗಳನ್ನು ಇಟ್ಟುಕೊಂಡಿರುವ ತೋಟದವರಲ್ಲಿ ನನ್ನ ಬೇಡಿಕೆ ಇಷ್ಟೆ: ಯಾರಿಗೂ ಕೊಡದಿದ್ದರೂ ಸರಿ, ಎಸೆಯುವ ಮುನ್ನ ಪ್ರತಿ ಪುಟದ ಫೋಟೊ ತೆಗೆಯಲು ಬಿಡಿ. ನಾನು ನೋಡಿದ ಚೆಕ್‌ರೋಲಿನಲ್ಲಿ ಆಗಸ್ಟ್ ತಿಂಗಳ ಪುಟ ಇನ್ನೂ ಹರಿದಿರಲಿಲ್ಲ. ಜುಲೈ 14ಕ್ಕೆ ನಿಂತುಹೋದ ಆ ಸಾಲಿನ ಕ್ರಮಸಂಖ್ಯೆಯ ಮುಂದೆ ಅಲ್ಲಿ ಬೇರೊಂದು ಹೆಸರಿತ್ತು.