ಕಟಕಟೆಯಲ್ಲಿ ಸೈಂಟಾಲಜಿ

ಶ್ರೋತೃಗಳಿಗೆ ನಮಸ್ಕಾರ.

ಒಂದು ಸಂಸ್ಥೆ ತನ್ನನ್ನು ತಾನೇ ಧರ್ಮ ಎಂದು ಕರೆದುಕೊಂಡರೆ, ಅದು ಹೌದೋ ಅಲ್ಲವೋ ಎಂದು ತೀರ್ಪು ಕೊಡುವವರು ಯಾರು? ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ಕೆನಡಾ, ಫ್ರಾನ್ಸ್, ಇಷ್ಟೂ ದೇಶಗಳ ನ್ಯಾಯಾಲಯಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಪ್ರಶ್ನೆಗೆ ತಲೆ ಕೆಡಿಸಿಕೊಂಡಿವೆ. ಅದಕ್ಕೆ ಕಾರಣವಾದದ್ದು ಸೈಂಟಾಲಜಿ. ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂಸ್ಥೆಯ ನಂಬಿಕೆಯನ್ನು ಹಿಡಿದು ಜಗ್ಗಿದ ಸರ್ಕಾರಗಳು ಬಹುಮಟ್ಟಿಗೆ ಸೋತಿವೆ. ಅದರ ಜನ ಮಾಡಿದ ಕೆಲಸವನ್ನು ಹಿಡಿದು ಹೊರಟ ಸರ್ಕಾರಗಳು ಗೆದ್ದಿವೆ.

ಮೊದಲು ಹುಟ್ಟಿನ ಕಥೆ. 1911ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಹುಟ್ಟಿದ ಎಲ್. ರಾನ್ ಹಬ್ಬರ್ಡ್ ಅಗ್ಗದ ಮಾಸಪತ್ರಿಕೆಗಳಿಗೆ ಸಾಹಸದ ಕಥೆ, ವೈಜ್ಞಾನಿಕ ಕಥೆ ಬರೆಯುತ್ತಿದ್ದವರು. 1950ರ ಮೇ ತಿಂಗಳಲ್ಲಿ ಅವರ ‘ಡಯನೆಟಿಕ್ಸ್’ ಪುಸ್ತಕ ಹೊರಬಂತು. ಮನುಷ್ಯ ಅನುಭವಿಸಿದ ನೋವು, ಆಘಾತಗಳೆಲ್ಲ ಮನಸ್ಸಿನ ಆಳದಲ್ಲಿ ಅಚ್ಚೊತ್ತಿ ಕೂತಿರುತ್ತವೆ, ಎದುರಿಗೆ ಒಬ್ಬರು ಕೂತು ಪ್ರಶ್ನೆ ಕೇಳುತ್ತಾ ಹೋದರೆ ಅವನ್ನು ಅಳಿಸಿಹಾಕಬಹುದು ಎಂಬುದು ಅದರ ಸಾರ. ಈ ಪ್ರಶ್ನೋತ್ತರಕ್ಕೆ ಆಡಿಟಿಂಗ್ ಎಂದು ಹೆಸರು. ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು. ವೈದ್ಯರು, ಮನಶ್ಶಾಸ್ತ್ರಜ್ಞರು ತಿರುಗಿಬಿದ್ದರು. ಎರಡೇ ವರ್ಷದಲ್ಲಿ ಡಯನೆಟಿಕ್ಸ್ ಪ್ರತಿಷ್ಠಾನ ದಿವಾಳಿಯಾಯಿತು. ಹಬ್ಬರ್ಡ್ ಅಷ್ಟಕ್ಕೆ ಬಿಡಲಿಲ್ಲ. ಮನಸ್ಸಿನ ಜೊತೆಗೆ ಆತ್ಮವನ್ನೂ ತಂದರು. ಅವರು ಹೇಳಿದ ಆತ್ಮಕ್ಕೆ ಸಾವಿಲ್ಲ, ಅದು ಜನ್ಮದಿಂದ ಜನ್ಮಕ್ಕೆ ಸಾಗುತ್ತದೆ. 1953ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ ಊರಿನಲ್ಲಿ ಸೈಂಟಾಲಜಿ ಚರ್ಚ್ ನೋಂದಣಿಯಾಯಿತು.

ಆಡಿಟಿಂಗಿಗೆ ಒಂದು ಯಂತ್ರ ಬೇಕು. ಇ-ಮೀಟರ್ ಎನ್ನುತ್ತಾರೆ. ಒಂದು ಡಬ್ಬಿ, ಅದರ ಮುಖದ ಮೇಲೆ ಗಾಜಿನೊಳಗೆ ಆಡುವ ಮುಳ್ಳು, ಅದರಿಂದ ಹೊರಟ ಎರಡು ತಂತಿ, ತಂತಿಯ ತುದಿಗೆ ಎರಡು ತಗಡಿನ ಡಬ್ಬ. ಬಂದವರು ಅಂಗೈಗೊಂದರಂತೆ ಡಬ್ಬ ಹಿಡಿದು ಕೂರುತ್ತಾರೆ. ಮೈಯಲ್ಲಿ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಅಂಗೈ ಬೆವರಿದರೆ, ಹಿಡಿತ ಬಿಗಿಯಾದರೆ ಮುಳ್ಳು ಅಲುಗುತ್ತದೆ. ಆ ಅಲುಗಾಟದಲ್ಲಿ ಆಡಿಟರ್ ಮನಸ್ಸಿನ ಗಂಟುಗಳನ್ನು ಓದುತ್ತಾರೆ.

1963ರ ಜನವರಿ 4ರಂದು ವಾಷಿಂಗ್ಟನ್ನಿನ ಸೈಂಟಾಲಜಿ ಕಚೇರಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪರವಾಗಿ ಅಧಿಕಾರಿಗಳು ನುಗ್ಗಿದರು. ನೂರಕ್ಕೂ ಹೆಚ್ಚು ಇ-ಮೀಟರ್ ಮತ್ತು ರಾಶಿ ರಾಶಿ ಪುಸ್ತಕ ಜಪ್ತಿಯಾದವು. ಸುಳ್ಳು ಹೇಳಿ ವೈದ್ಯಕೀಯ ಉಪಕರಣ ಮಾರುತ್ತಿದ್ದಾರೆ ಎಂಬುದು ಆರೋಪ. ಇದು ನಮ್ಮ ಧಾರ್ಮಿಕ ವಿಧಿ ಎಂದರು ಸೈಂಟಾಲಜಿಯವರು. 1969ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಮಾತಿಗೆ ಬೆಲೆ ಕೊಟ್ಟಿತು. ನಾವು ಧರ್ಮ ಎಂದು ಅವರು ಮೇಲ್ನೋಟಕ್ಕೆ ಸಾಬೀತು ಮಾಡಿದ್ದಾರೆ, ಸರ್ಕಾರ ಅದನ್ನು ಅಲ್ಲಗಳೆದಿಲ್ಲ ಎಂದಿತು. ಕೊನೆಗೆ 1971ರಲ್ಲಿ ನ್ಯಾಯಾಧೀಶ ಗೆರ್‌ಹಾರ್ಡ್ ಗೆಸೆಲ್ ಕೊಟ್ಟ ತೀರ್ಪು ನನಗೆ ಬಹಳ ಹಿಡಿಸುತ್ತದೆ. ಯಂತ್ರವನ್ನು ಧಾರ್ಮಿಕ ಸಮಾಲೋಚನೆಗೆ ಮಾತ್ರ ಬಳಸಿ, ಯಾವ ರೋಗವನ್ನು ಪತ್ತೆಹಚ್ಚಲಿಕ್ಕಾಗಲಿ ವಾಸಿ ಮಾಡಲಿಕ್ಕಾಗಲಿ ಇದರಿಂದ ಉಪಯೋಗವಿಲ್ಲ ಎಂದು ಪ್ರತಿ ಯಂತ್ರದ ಮೇಲೂ ಚೀಟಿ ಅಂಟಿಸಿ ಎಂದರು. ಭಕ್ತನ ಪಾಡಿಗೆ ಭಕ್ತ, ರೋಗಿಗೆ ಎಚ್ಚರಿಕೆ. ಎರಡೂ ಒಂದೇ ಚೀಟಿಯಲ್ಲಿ ನಡೆದುಹೋಯಿತು.

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಬೇರೆ ದಾರಿ ಹಿಡಿಯಿತು. ಅಲ್ಲಿನ ವಿಚಾರಣಾ ಆಯೋಗ 1965ರಲ್ಲಿ ಕೊಟ್ಟ ವರದಿ ಸೈಂಟಾಲಜಿಯನ್ನು ಕೆಡುಕು ಎಂದೇ ಜರೆಯಿತು. ಅದೇ ವರ್ಷ ಬಂದ ಕಾನೂನು ಅದನ್ನು ಕಲಿಸುವುದನ್ನೇ ಅಪರಾಧ ಮಾಡಿತು. ಸಂಸ್ಥೆ ‘ಚರ್ಚ್ ಆಫ್ ದಿ ನ್ಯೂ ಫೇತ್’ ಎಂದು ಹೆಸರು ಬದಲಿಸಿಕೊಂಡು ನಡೆಯಿತು. ನಿಷೇಧ ತಾನಾಗಿ ಸತ್ವ ಕಳೆದುಕೊಂಡಿತು, 1982ರಲ್ಲಿ ರದ್ದಾಯಿತು. ಮರುವರ್ಷ ತೆರಿಗೆಯ ಮೊಕದ್ದಮೆಯೊಂದು ದೇಶದ ಹೈಕೋರ್ಟಿಗೆ ಬಂತು. ಅಲ್ಲಿ ಹೈಕೋರ್ಟೇ ಅತ್ಯುನ್ನತ ನ್ಯಾಯಾಲಯ. ಐದೂ ನ್ಯಾಯಮೂರ್ತಿಗಳು ಇದು ಧರ್ಮವೇ ಎಂದರು. ಮೇಸನ್ ಮತ್ತು ಬ್ರೆನನ್ ಇನ್ನೂ ಒಂದು ಮಾತು ಸೇರಿಸಿದರು. ಧಾರ್ಮಿಕ ಸ್ವಾತಂತ್ರ್ಯ ಬೇಕೆಂದರೆ ಅದರ ಹೆಸರಿನಲ್ಲಿ ಕೆಲವರು ಬೂಟಾಟಿಕೆ ಮಾಡುವುದನ್ನೂ ಸಹಿಸಬೇಕಾಗುತ್ತದೆ, ಗುರು ಪ್ರಾಮಾಣಿಕನಲ್ಲದಿದ್ದರೂ ಶಿಷ್ಯರ ನಂಬಿಕೆ ಧರ್ಮವಾಗದೆ ಹೋಗುವುದಿಲ್ಲ ಎಂದರು. ಹಾಗೆಂದು ದೇಶದ ಸಾಮಾನ್ಯ ಕಾನೂನು ಮುರಿದವರಿಗೆ ಧರ್ಮ ಗುರಾಣಿಯಾಗದು ಎಂಬುದನ್ನೂ ಸ್ಪಷ್ಟಪಡಿಸಿದರು.

ಈ ಪ್ರಶ್ನೆ ನಮಗೂ ಹೊಸದಲ್ಲ. ಉಡುಪಿಯ ಶಿರೂರು ಮಠದ ಸ್ವಾಮಿಗಳು ಮದ್ರಾಸಿನ ಹಿಂದೂ ಧಾರ್ಮಿಕ ದತ್ತಿ ಆಯುಕ್ತರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1954ರಲ್ಲೇ ಇದನ್ನು ಎದುರಿಸಿತ್ತು. ದೇವರನ್ನು ನಂಬದ ಬೌದ್ಧ, ಜೈನ ಧರ್ಮಗಳು ಈ ನೆಲದಲ್ಲೇ ಇವೆ, ಹಾಗಾಗಿ ದೇವರಿದ್ದರೆ ಮಾತ್ರ ಧರ್ಮ ಎನ್ನಲಾಗದು ಎಂದಿತ್ತು. ಬ್ರಿಟನ್ ಅಲ್ಲಿಗೆ ಬರಲು 2013ರವರೆಗೆ ಕಾಯಬೇಕಾಯಿತು. ಲಂಡನ್ನಿನ ಸೈಂಟಾಲಜಿ ಮಂದಿರದಲ್ಲಿ ಮದುವೆಯಾಗಬೇಕೆಂದು ಒಬ್ಬ ಯುವತಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದಾಗ, ನ್ಯಾಯಮೂರ್ತಿಗಳು ಬೌದ್ಧ, ಜೈನ ಧರ್ಮಗಳ ಉದಾಹರಣೆಯನ್ನೇ ಎತ್ತಿಕೊಂಡರು. ಇದೇ ಬ್ರಿಟನ್ 1968ರಿಂದ 1980ರವರೆಗೆ ಸೈಂಟಾಲಜಿ ಕಲಿಯಲು ಬರುವ ವಿದೇಶಿಯರಿಗೆ ಬಾಗಿಲು ಮುಚ್ಚಿತ್ತು. ಅವರೆಲ್ಲ ಬರುತ್ತಿದ್ದುದು ಸೇಂಟ್ ಹಿಲ್ ಎಂಬ ಬಂಗಲೆಗೆ. ಅದನ್ನು ಹಬ್ಬರ್ಡ್ 1959ರಲ್ಲಿ ಕೊಂಡದ್ದು ಜೈಪುರದ ಮಹಾರಾಜರಿಂದ.

ಈಗ ಇನ್ನೊಂದು ಮುಖಕ್ಕೆ ಬರುತ್ತೇನೆ. ಇಲ್ಲಿ ನನಗೆ ಸೈಂಟಾಲಜಿಯ ಬಗ್ಗೆ ಯಾವ ಮೃದು ಭಾವನೆಯೂ ಇಲ್ಲ.

1967ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಕ್ಯಾಲಿಫೋರ್ನಿಯದ ಸೈಂಟಾಲಜಿ ಚರ್ಚಿನ ತೆರಿಗೆ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಹಣ ಹಬ್ಬರ್ಡ್ ಕೈ ಸೇರುತ್ತಿದೆ ಎಂಬುದು ಅದರ ವಾದ. ಸಂಸ್ಥೆಯೊಳಗೆ ಗಾರ್ಡಿಯನ್ಸ್ ಆಫೀಸ್ ಎಂಬ ಒಂದು ವಿಭಾಗವಿತ್ತು, ಅದರ ಮೇಲ್ವಿಚಾರಣೆ ಹಬ್ಬರ್ಡ್ ಪತ್ನಿ ಮೇರಿ ಸೂ ಅವರದು. ಸರ್ಕಾರಿ ಕಡತಗಳಲ್ಲಿ ತಮ್ಮ ವಿರುದ್ಧ ಏನೇನಿದೆ ಎಂದು ತಿಳಿದು ಅದನ್ನು ಇಲ್ಲವಾಗಿಸಲು ಈ ವಿಭಾಗ ‘ಸ್ನೋ ವೈಟ್’ ಎಂಬ ಕಾರ್ಯಾಚರಣೆ ನಡೆಸಿತು. ತಮ್ಮವರೊಬ್ಬರನ್ನು ತೆರಿಗೆ ಇಲಾಖೆಯಲ್ಲೇ ಬೆರಳಚ್ಚುಗಾರನ ಕೆಲಸಕ್ಕೆ ಸೇರಿಸಿದರು. 1974ರ ನವೆಂಬರಿನಲ್ಲಿ ಇಲಾಖೆಯ ವಕೀಲರು ಸಭೆ ಸೇರಬೇಕಿದ್ದ ಕೋಣೆಯ ವಿದ್ಯುತ್ ಪ್ಲಗ್ಗಿನಲ್ಲಿ ಕದ್ದು ಕೇಳುವ ಸಾಧನ ಇಟ್ಟರು. ಹತ್ತಿರದ ವಸ್ತುಸಂಗ್ರಹಾಲಯದ ಆವರಣದಲ್ಲಿ ನಿಂತಿದ್ದ ಕಾರಿನ ಎಫ್.ಎಂ. ರೇಡಿಯೊದಲ್ಲಿ ಆ ಸಭೆಯ ಮಾತುಕತೆ ಕೇಳಿಸುತ್ತಿತ್ತು. ಸರ್ಕಾರಿ ವಕೀಲರ ಕೋಣೆಗೆ ಕಳ್ಳ ಕೀಲಿ ಮಾಡಿಸಿದರು. ಸಂಜೆಯ ಮೇಲೆ ಒಳಹೊಕ್ಕು ಕಡತಗಳನ್ನು ನಕಲು ಮಾಡಿಕೊಂಡು, ತೆಗೆದ ಜಾಗದಲ್ಲೇ ಇಟ್ಟು ಬರುತ್ತಿದ್ದರು. 1976ರ ಜೂನ್‌ನಲ್ಲಿ ನ್ಯಾಯಾಲಯದ ಗ್ರಂಥಾಲಯದಲ್ಲಿ ನಕಲಿ ಗುರುತುಚೀಟಿ ಹಿಡಿದಿದ್ದ ಇಬ್ಬರನ್ನು ಎಫ್.ಬಿ.ಐ. ತಡೆದು ಪ್ರಶ್ನಿಸಿತು. ಒಬ್ಬನನ್ನು ಸಂಸ್ಥೆ ತಿಂಗಳುಗಟ್ಟಲೆ ಬಚ್ಚಿಟ್ಟಿತು. ಆತ 1977ರಲ್ಲಿ ತಪ್ಪಿಸಿಕೊಂಡು ಎಫ್.ಬಿ.ಐ. ಮುಂದೆ ಬಾಯಿಬಿಟ್ಟ. ಜುಲೈ 8ರಂದು ವಾಷಿಂಗ್ಟನ್ ಮತ್ತು ಲಾಸ್ ಏಂಜಲಿಸ್ ಎರಡೂ ಕಡೆ ಒಟ್ಟಿಗೆ ಶೋಧ ನಡೆಯಿತು, ಹತ್ತಾರು ಸಾವಿರ ದಾಖಲೆ ಸಿಕ್ಕವು. ಮೇರಿ ಸೂ ಸೇರಿ ಹನ್ನೊಂದು ಜನ ಅಪರಾಧಿಗಳಾದರು. ಆಕೆಗೆ ಐದು ವರ್ಷದ ಸೆರೆವಾಸ, ಹತ್ತು ಸಾವಿರ ಡಾಲರ್ ದಂಡ ವಿಧಿಸಲಾಯಿತು. ಹಬ್ಬರ್ಡ್ ಹೆಸರು ಪಿತೂರಿಯಲ್ಲಿ ಸೇರಿದ್ದರೂ ಅವರ ಮೇಲೆ ಆರೋಪಪಟ್ಟಿ ಬರಲಿಲ್ಲ. ಕಡೆಯ ವರ್ಷಗಳನ್ನು ತಲೆಮರೆಸಿಕೊಂಡೇ ಕಳೆದ ಅವರು 1986ರಲ್ಲಿ ತೀರಿಕೊಂಡರು. ಗಾರ್ಡಿಯನ್ಸ್ ಆಫೀಸಿನವರು ದಾರಿ ತಪ್ಪಿದವರು, ಅದನ್ನು ನಾವೇ ಮುಚ್ಚಿದೆವು ಎಂಬುದು ಸಂಸ್ಥೆಯ ನಿಲುವು.

ಆ ದಾಖಲೆಗಳಿಂದ ಒಬ್ಬ ಪತ್ರಕರ್ತೆಯ ಮೇಲಿದ್ದ ಕಳಂಕವೂ ತೊಳೆದುಹೋಯಿತು. ಪಾಲೆಟ್ ಕೂಪರ್, ಹಿಟ್ಲರನ ಕಾಲದ ನರಮೇಧದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರು. 1971ರಲ್ಲಿ ಅವರು ಸೈಂಟಾಲಜಿಯನ್ನು ಟೀಕಿಸಿ ಪುಸ್ತಕ ಬರೆದರು. ಸ್ವಲ್ಪ ಕಾಲಕ್ಕೆ ಸೈಂಟಾಲಜಿ ಕಚೇರಿಗೆ ಬಾಂಬ್ ಬೆದರಿಕೆಯ ಪತ್ರಗಳು ಬಂದವು, ಪತ್ರದ ಮೇಲೆ ಕೂಪರ್ ಬೆರಳಗುರುತು! 1973ರಲ್ಲಿ ಅವರ ಮೇಲೆಯೇ ದೋಷಾರೋಪಣೆಯಾಯಿತು. ಅವರನ್ನು ಜೈಲಿಗೋ ಹುಚ್ಚಾಸ್ಪತ್ರೆಗೋ ಕಳಿಸುವ ಸಂಚು ಹೂಡಿದ್ದವರು ಯಾರು ಎಂಬುದು ಜಪ್ತಿಯಾದ ಕಾಗದಗಳಲ್ಲಿ ಬಯಲಾಯಿತು. ಬರೆದದ್ದಕ್ಕೆ ಒಬ್ಬ ಹೆಣ್ಣುಮಗಳು ಇಷ್ಟು ಅನುಭವಿಸಬೇಕಾಯಿತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಕೆನಡಾದಲ್ಲೂ ಇದೇ ಬಗೆಯ ನುಸುಳುಕೋರತನ ಬೆಳಕಿಗೆ ಬಂದು, 1992ರಲ್ಲಿ ಟೊರಾಂಟೊದ ಚರ್ಚ್ ಸಂಸ್ಥೆಯೇ ನಂಬಿಕೆದ್ರೋಹದ ಅಪರಾಧಿಯಾಯಿತು, ಎರಡೂವರೆ ಲಕ್ಷ ಡಾಲರ್ ದಂಡ ಬಿತ್ತು. ಫ್ರಾನ್ಸಿನಲ್ಲಿ 2009ರಲ್ಲಿ ಪ್ಯಾರಿಸ್ ನ್ಯಾಯಾಲಯ ಸಂಘಟಿತ ವಂಚನೆಗಾಗಿ ಆರು ಲಕ್ಷ ಯೂರೊ ದಂಡ ಹಾಕಿತು. 2013ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಇನ್ನು ತೆರಿಗೆಯ ವಿಷಯ. ಆಡಿಟಿಂಗಿಗೆ ಇಂತಿಷ್ಟು ಎಂದು ದರ ಗೊತ್ತು ಮಾಡಿರುತ್ತಾರೆ, ಮೇಲಿನ ಹಂತಕ್ಕೆ ಹೋದ ಹಾಗೆ ದರವೂ ಏರುತ್ತದೆ. ನಮ್ಮ ದೇವಸ್ಥಾನದ ಸೇವಾ ಚೀಟಿಯನ್ನು ನೆನೆಸಿಕೊಳ್ಳಿ. ಈ ಹಣ ದಾನವೋ, ಪಡೆದ ಸೇವೆಗೆ ಕೊಟ್ಟ ಬೆಲೆಯೋ? 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದು ಬೆಲೆಯೇ, ದಾನವೆಂದು ತೋರಿಸಿ ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಳೆಯುವಂತಿಲ್ಲ ಎಂದು 5-2ರ ಬಹುಮತದಿಂದ ಹೇಳಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಸ್ಥೆ ಮತ್ತು ಅದರ ಅನುಯಾಯಿಗಳು ತೆರಿಗೆ ಇಲಾಖೆಯ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಮೊಕದ್ದಮೆ ಹೂಡಿದ್ದರು. ಹಬ್ಬರ್ಡ್ ನಂತರ ಚುಕ್ಕಾಣಿ ಹಿಡಿದ ಡೇವಿಡ್ ಮಿಸ್ಕಾವಿಜ್ 1991ರಲ್ಲಿ ಇಲಾಖೆಯ ಆಯುಕ್ತರನ್ನೇ ಭೇಟಿಯಾದರು. ಮಾಮೂಲಿ ಕ್ರಮ ಬಿಟ್ಟು ವಿಶೇಷ ಸಮಿತಿ ರಚನೆಯಾಯಿತು. 1993ರ ಅಕ್ಟೋಬರ್ 1ರಂದು ಸಂಸ್ಥೆಗೆ ಪೂರ್ಣ ವಿನಾಯಿತಿ ಸಿಕ್ಕಿತು. ಯುದ್ಧ ಮುಗಿಯಿತು ಎಂದು ಮಿಸ್ಕಾವಿಜ್ ಲಾಸ್ ಏಂಜಲಿಸ್‌ನ ಕ್ರೀಡಾಂಗಣದಲ್ಲಿ ಸಾವಿರಾರು ಜನರ ಮುಂದೆ ಸಾರಿದರು. ಒಪ್ಪಂದದಲ್ಲಿ ಏನಿದೆ ಎಂದು ಇಲಾಖೆ ತುಟಿ ಬಿಚ್ಚಲಿಲ್ಲ. 1997ರ ಡಿಸೆಂಬರಿನಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಪ್ರಕಟಿಸಿದಾಗಲೇ ಸಂಸ್ಥೆ ಕಟ್ಟಿದ್ದು 1 ಕೋಟಿ 25 ಲಕ್ಷ ಡಾಲರ್ ಎಂದು ಜನಕ್ಕೆ ಗೊತ್ತಾದದ್ದು.

ಸರ್ಕಾರ ಧರ್ಮವೆಂದು ಒಪ್ಪಿಕೊಂಡದ್ದಕ್ಕೆ ನನ್ನ ತಕರಾರಿಲ್ಲ. ಬಾಗಿಲು ಹಾಕಿಕೊಂಡು ಒಪ್ಪಿಕೊಂಡಿತಲ್ಲ, ಅದಕ್ಕೆ ತಕರಾರು. ಸುಪ್ರೀಂ ಕೋರ್ಟು ಕಳೆಯುವಂತಿಲ್ಲ ಎಂದಿದ್ದ ಆಡಿಟಿಂಗ್ ಶುಲ್ಕವನ್ನು ಸೈಂಟಾಲಜಿ ಅನುಯಾಯಿಗಳು ಈಗ ತೆರಿಗೆಯಲ್ಲಿ ಕಳೆಯಬಹುದಾಯಿತು. ಇದನ್ನು ಕಂಡ ಲಾಸ್ ಏಂಜಲಿಸ್‌ನ ಸಂಪ್ರದಾಯಸ್ಥ ಯಹೂದಿ ದಂಪತಿ, ನಮ್ಮ ಮಕ್ಕಳ ಶಾಲೆಯಲ್ಲಿ ಧರ್ಮಪಾಠಕ್ಕೆ ಕೊಟ್ಟ ಶುಲ್ಕಕ್ಕೂ ಅದೇ ರಿಯಾಯಿತಿ ಕೊಡಿ ಎಂದು ಕೇಳಿದರು. ಇಲಾಖೆ ಒಪ್ಪಲಿಲ್ಲ. ಮೇಲ್ಮನವಿ ನ್ಯಾಯಾಲಯದ ಒಬ್ಬ ನ್ಯಾಯಮೂರ್ತಿ 2002ರಲ್ಲಿ, ಸೈಂಟಾಲಜಿಯ ಶಿಕ್ಷಣ ಉಳಿದೆಲ್ಲ ಧಾರ್ಮಿಕ ಶಿಕ್ಷಣಕ್ಕಿಂತ ಯಾವುದರಲ್ಲಿ ಬೇರೆ ಎಂದು ನೇರವಾಗಿ ಕೇಳಿದರು. ಇಲಾಖೆಯಿಂದ ಅದಕ್ಕೆ ಸಮಾಧಾನದ ಉತ್ತರ ಬರಲಿಲ್ಲ. 2008ರಲ್ಲಿ ಆ ದಂಪತಿ ಎರಡನೆಯ ಸಲವೂ ಸೋತರು.

ನಮಸ್ಕಾರ.