ಹೊಸ ಮನೆ ಎಲ್ಲಿ ಹೋಯ್ತು, ಟೀಚರ್?

ಕೇಳುಗರೆಲ್ಲರಿಗೂ ನಮಸ್ಕಾರ.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹೇಗಿರುತ್ತದೆ ಎಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಎದ್ದರೆ ನಿನ್ನೆ ಎಷ್ಟು ಇಂಚು ಬಿತ್ತು ಎನ್ನುವ ಮಾತು, ಮಧ್ಯಾಹ್ನಕ್ಕೆ ಕರೆಂಟು ಇಲ್ಲ, ಮೂರೂವರೆಗೆಲ್ಲ ತರಗತಿಯೊಳಗೆ ಕತ್ತಲು. ಮೈದಾನ ಕೆರೆಯಾಗಿರುತ್ತದೆ. ಅಂಥ ಹೊತ್ತಿನಲ್ಲಿ ಮಕ್ಕಳನ್ನು ಹಿಡಿದು ಕೂರಿಸಲು ನನಗೆ ಗೊತ್ತಿರುವುದು ಕಥೆ ಮಾತ್ರ. ನಾನು ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಮಾಡುವವಳು. ಕೆಲವು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ ಆರನೇ ಮತ್ತು ಏಳನೇ ತರಗತಿಯ ಮಕ್ಕಳಿಗೆ ದಿನವೂ ಕೊನೆಯ ಪೀರಿಯಡ್ಡಿನಲ್ಲಿ ಓಜ್ ಎಂಬ ಮಾಯಾನಾಡಿನ ಕಥೆ ಹೇಳಿದೆ. ಅಮೆರಿಕದ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಮಕ್ಕಳಿಗೆಂದು ಬರೆದ ಪುಸ್ತಕ ಅದು, ಒಟ್ಟು 24 ಅಧ್ಯಾಯ. ರಾತ್ರಿ ಇಂಗ್ಲಿಷಿನಲ್ಲಿ ಓದಿಕೊಂಡು, ಮರುದಿನ ಕನ್ನಡದಲ್ಲಿ ಹೇಳುತ್ತಿದ್ದೆ. ಹೆಂಚಿನ ಮೇಲೆ ಮಳೆ ಜೋರಾದರೆ ನಾನೂ ದನಿ ಏರಿಸಬೇಕು. ಮಕ್ಕಳು ಬೆಂಚು ಬಿಟ್ಟು ನನ್ನ ಕಾಲ ಬುಡಕ್ಕೇ ಬಂದು ಕೂರುತ್ತಿದ್ದರು.

ಕಥೆ ನಿಮಗೂ ಸ್ವಲ್ಪ ಗೊತ್ತಿರಬಹುದು. ಕಾನ್ಸಸ್ ಎಂಬ ಬಯಲುಸೀಮೆಯಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಇದ್ದ ಡೊರೊಥಿ ಎಂಬ ಹುಡುಗಿ. ಸುಂಟರಗಾಳಿ ಬಂದು ಅವಳು ಇದ್ದ ಮನೆಯನ್ನೇ ಎತ್ತಿಕೊಂಡು ಹೋಗಿ ಓಜ್ ನಾಡಿನಲ್ಲಿ ಇಳಿಸುತ್ತದೆ. ಜೊತೆಗೆ ಟೋಟೋ ಎಂಬ ನಾಯಿಮರಿ. ದಾರಿಯಲ್ಲಿ ಸಿಗುವ ಹುಲ್ಲಿನ ಬೆದರುಬೊಂಬೆಗೆ ಬುದ್ಧಿ ಬೇಕು, ತಗಡಿನ ಮನುಷ್ಯನಿಗೆ ಹೃದಯ ಬೇಕು, ಸಿಂಹಕ್ಕೆ ಧೈರ್ಯ ಬೇಕು. ಡೊರೊಥಿಗೆ ಮನೆಗೆ ಹೋಗಬೇಕು.

ಮೊದಲ ದಿನ ಮನೆ ಹಾರಿಹೋದ ಭಾಗ ಹೇಳಿ ನಿಲ್ಲಿಸಿದಾಗ ತರಗತಿ ಸ್ತಬ್ಧವಾಯಿತು. ಆಗಲೇ ನನಗೆ ಹೊಳೆಯಬೇಕಿತ್ತು. 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಗುಡ್ಡಗಳು ಕುಸಿದಾಗ ಮನೆಗಳು ಹೇಗೆ ಹೋದವು ಎಂದು ಈ ಮಕ್ಕಳು ಕಣ್ಣಾರೆ ಕಂಡಿದ್ದರು. ಏಳನೇ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ಮನೆ ಹಾಗೆಯೇ ಮಣ್ಣಿನ ಜೊತೆ ಜಾರಿ ಹೋಗಿತ್ತು. ಆಗ ಅವಳಿನ್ನೂ ಒಂದನೇ ತರಗತಿಗೆ ಹೋಗುತ್ತಿದ್ದ ಮಗು. ಆ ದಿನ ಅವಳು ಏನೂ ಮಾತಾಡಲಿಲ್ಲ. ಇಪ್ಪತ್ತನಾಲ್ಕು ದಿನವೂ ಒಂದು ದಿನ ತಪ್ಪಿಸದೆ ಮುಂದಿನ ಸಾಲಿನಲ್ಲಿ ಕೂತಳು, ಅಷ್ಟೇ.

ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ಕಳೆದು ಮಳೆ ಒಂದಿಷ್ಟು ಬಿಡುವು ಕೊಟ್ಟ ಶನಿವಾರ, ಪ್ರೊಜೆಕ್ಟರ್ ತರಿಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಅದೇ ಕಥೆಯ ಸಿನಿಮಾ ಹಾಕಿದೆವು. ವಿಕ್ಟರ್ ಫ್ಲೆಮಿಂಗ್ ನಿರ್ದೇಶನದಲ್ಲಿ 1939ರಲ್ಲಿ ಬಂದ 'ದಿ ವಿಜರ್ಡ್ ಆಫ್ ಓಜ್'. ದೊಡ್ಡ ಪರದೆ ನೋಡಬೇಕೆಂದರೆ ನಮ್ಮ ಮಕ್ಕಳು ದೂರದ ಪಟ್ಟಣಕ್ಕೆ ಹೋಗಬೇಕು. ಹಾಗಾಗಿ ಆ ಪಂಚೆಯೇ ಅವರಿಗೆ ದೊಡ್ಡ ಪರದೆ.

ಆ ಚಿತ್ರದಲ್ಲಿ ಒಂದು ಬಾಗಿಲು ತೆರೆಯುವ ದೃಶ್ಯವಿದೆ. ಅಲ್ಲಿಯವರೆಗೆ ಎಲ್ಲವೂ ಹಳೇ ಫೋಟೋದ ಕಂದು ಬಣ್ಣ. ಮನೆ ಧಡ್ ಎಂದು ಇಳಿಯುತ್ತದೆ, ಡೊರೊಥಿ ಬಾಗಿಲು ತೆಗೆಯುತ್ತಾಳೆ, ಹೊರಗೆ ಬಣ್ಣವೋ ಬಣ್ಣ. ಇದನ್ನು ಮಾಡಿದ ಬಗೆ ಕೇಳಿದರೆ ಯಾರಿಗಾದರೂ ಪ್ರೀತಿ ಬರುತ್ತದೆ. ಮನೆಯ ಒಳಗಿನ ಸೆಟ್ಟಿಗೆ ಪೂರ್ತಿ ಕಂದು ಬಣ್ಣ ಬಳಿದಿದ್ದರು. ಕಂದು ಲಂಗ ತೊಟ್ಟ ಬದಲಿ ಹುಡುಗಿಯೊಬ್ಬಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ಬಾಗಿಲು ತೆಗೆದು ಪಕ್ಕಕ್ಕೆ ಸರಿಯುತ್ತಾಳೆ. ಡೊರೊಥಿಯ ಪಾತ್ರ ಮಾಡಿದ, ನೀಲಿ ಲಂಗದ ಜೂಡಿ ಗಾರ್ಲೆಂಡ್ ಅದೇ ಗಳಿಗೆಯಲ್ಲಿ ಮುಂದೆ ಬಂದು ಹೊರಗೆ ಕಾಲಿಡುತ್ತಾಳೆ. ಆ ಬಾಗಿಲು ತೆರೆದಾಗ ನಮ್ಮ ಮಕ್ಕಳು ಒಟ್ಟಿಗೇ ಉಸಿರೆಳೆದುಕೊಂಡ ಸದ್ದು ನನಗೆ ಕೇಳಿಸಿತು. ಎರಡು ತಿಂಗಳು ಮಂಜು, ಕೆಸರು, ಒದ್ದೆ ಗೋಡೆ ಬಿಟ್ಟು ಬೇರೇನೂ ಕಾಣದೆ, ಒಂದು ದಿನ ಇದ್ದಕ್ಕಿದ್ದಂತೆ ಬಿಸಿಲು ಬಿದ್ದಾಗ ನಾವೂ ಹಾಗೆಯೇ ಬಾಗಿಲಲ್ಲಿ ನಿಂತುಬಿಡುತ್ತೇವಲ್ಲವೇ?

ಆದರೆ ಹತ್ತು ನಿಮಿಷವಾಗುವಷ್ಟರಲ್ಲಿ ತಕರಾರು ಶುರು.

"ಟೀಚರ್, ಚಪ್ಪಲಿ ಬೆಳ್ಳಿದಲ್ವಾ? ಇದು ಕೆಂಪು!" ನಿಜ. ಪುಸ್ತಕದಲ್ಲಿ ಡೊರೊಥಿ ತೊಡುವ ಮಂತ್ರದ ಪಾದರಕ್ಷೆ ಬೆಳ್ಳಿಯದು. ಆ ಕಾಲಕ್ಕೆ ಟೆಕ್ನಿಕಲರ್ ಎಂಬ ಬಣ್ಣದ ಸಿನಿಮಾ ತಂತ್ರ ಹೊಸ ವೈಭವ, ಹಳದಿ ಇಟ್ಟಿಗೆಯ ದಾರಿಯ ಮೇಲೆ ಬೆಳ್ಳಿಗಿಂತ ಮಾಣಿಕ್ಯದ ಕೆಂಪು ಎದ್ದು ಕಾಣುತ್ತದೆಂದು ಚಿತ್ರಕಥೆ ಬರೆದ ನೋಯೆಲ್ ಲ್ಯಾಂಗ್ಲಿ ಬದಲಾಯಿಸಿದರು. ನಾನು ಕಾರಣ ಹೇಳಿದೆ, ಮಕ್ಕಳು ಒಪ್ಪಿಕೊಂಡರು. ಕೆಂಪು ಚೆಂದವೇ ಇದೆ ಎಂದು ಬಿಟ್ಟುಕೊಟ್ಟರು.

ಮಾಟಗಾತಿಯ ವಿಷಯಕ್ಕೆ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಪುಸ್ತಕದಲ್ಲಿ ಆ ಕೆಟ್ಟ ಮಾಟಗಾತಿಗೆ ಒಂದೇ ಕಣ್ಣು, ಕೈಯಲ್ಲಿ ಕೊಡೆ. ಅದರಲ್ಲೇ ಟೋಟೋಗೆ ಹೊಡೆಯುತ್ತಾಳೆ. ಸಿನಿಮಾದಲ್ಲಿ ಅವಳ ಮೈ ಹಸಿರು, ಕೈಯಲ್ಲಿ ಪೊರಕೆ. ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ನೀರು ಬಿದ್ರೆ ಕರಗಿ ಹೋಗೋಳಿಗೆ ಕೊಡೆ ಬೇಕೇ ಬೇಕಲ್ಲ ಟೀಚರ್? ಅದನ್ನ ಕಿತ್ಕೊಂಡು ಪೊರಕೆ ಯಾಕೆ ಕೊಟ್ರು?" ಪಕ್ಕದವನು, "ಅವಳು ಭಾಗಮಂಡಲಕ್ಕೆ ಬಂದಿದ್ರೆ ಒಂದೇ ದಿನ ಕಣೋ" ಎಂದ. ಭಾಗಮಂಡಲ ನಮ್ಮಲ್ಲಿ ಮಳೆಗೆ ಹೆಸರಾದ ಊರು. ಇಡೀ ಕೋಣೆ ನಕ್ಕಿತು. ನಾನು ಆ ಪುಸ್ತಕವನ್ನು ಮೂರು ಸಲ ಓದಿದ್ದೇನೆ. ಮಾಟಗಾತಿಗೆ ನೀರಿನ ಭಯ, ಮಾಟಗಾತಿಯ ಕೈಯಲ್ಲಿ ಕೊಡೆ, ಇವೆರಡನ್ನು ಜೋಡಿಸಿ ನೋಡುವುದು ನನಗೆ ಹೊಳೆದಿರಲೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಬಿಡದೆ ನಡೆಯುವ ಮಗುವಿಗೆ ಅದು ಹೊಳೆಯಿತು.

ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ಪುಸ್ತಕದಲ್ಲಿ ಪಚ್ಚೆಯ ನಗರಕ್ಕೆ ಹೋಗುವ ಎಲ್ಲರ ಕಣ್ಣಿಗೂ ಬಾಗಿಲಲ್ಲೇ ಹಸಿರು ಕನ್ನಡಕ ಹಾಕಿ ಬೀಗ ಜಡಿಯುತ್ತಾರೆ. ನಗರ ಬೇರೆ ಊರಿಗಿಂತ ಹೆಚ್ಚು ಹಸಿರೇನಲ್ಲ, ಹಸಿರು ಕನ್ನಡಕದ್ದು. ಆ ಗುಟ್ಟು ಹೊರಬಿದ್ದ ದಿನ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗ ಕುಣಿದಾಡಿಬಿಟ್ಟಿದ್ದ. ಸಿನಿಮಾದ ದಿನ ಅವನು ಮದುವೆ ಕಾಗದದ ರಟ್ಟು ಕತ್ತರಿಸಿ, ಹಸಿರು ಜಿಲೇಟಿನ್ ಪೇಪರ್ ಅಂಟಿಸಿ, ರಬ್ಬರ್ ಬ್ಯಾಂಡ್ ಕಟ್ಟಿದ ಕನ್ನಡಕ ಮಾಡಿಕೊಂಡು ಬಂದಿದ್ದ. ನಗರ ಬರುತ್ತಲೇ ಹಾಕಿಕೊಳ್ಳಬೇಕೆಂದು ಜೇಬಿನಲ್ಲಿಟ್ಟುಕೊಂಡಿದ್ದ. ನಗರ ಬಂತು, ಕಟ್ಟಡ, ಬಟ್ಟೆ ಎಲ್ಲವೂ ತಾನಾಗಿಯೇ ಹಸಿರು. ಕನ್ನಡಕದ ಸುದ್ದಿಯೇ ಇಲ್ಲ. ಅವನು ಜೇಬಿನಿಂದ ತೆಗೆದ, ಕೈಯಲ್ಲಿ ತಿರುಗಿಸಿ ನೋಡಿದ, ಮಡಚಿ ಮತ್ತೆ ಒಳಗಿಟ್ಟ. ಯಾರಿಗೂ ಏನೂ ಹೇಳಲಿಲ್ಲ.

ಆಗ ನಾನು ಒಂದು ತಪ್ಪು ಮಾಡಿದೆ. ಗಲಾಟೆ ಹೆಚ್ಚಾಯಿತೆಂದು, "ಪುಸ್ತಕ ಬೇರೆ, ಸಿನಿಮಾ ಬೇರೆ, ಸುಮ್ಮನೆ ನೋಡಿ" ಎಂದು ಗದರಿದೆ. ದೊಡ್ಡವರೆಲ್ಲ ಆಡುವ ಮಾತೇ ಅದು. ಮಾತು ಸುಳ್ಳಲ್ಲ, ಆದರೆ ಅದನ್ನು ನಾವು ಬಳಸುವುದು ಮಕ್ಕಳ ಬಾಯಿ ಮುಚ್ಚಿಸಲು. ಕಥೆ ಕೇಳುವಾಗಲೇ ಪ್ರತಿ ಮಗುವೂ ತನ್ನೊಳಗೆ ಒಂದು ಸಿನಿಮಾ ತೆಗೆದು ಮುಗಿಸಿರುತ್ತದೆ. ಕೊಡೆ, ಕನ್ನಡಕ, ನಾಯಿಯ ಬಾಲ ಎಲ್ಲ ಸೇರಿಸಿ. ತಕರಾರು ಹುಟ್ಟುವುದು ಅಲ್ಲಿಂದ. ಗಮನವಿಟ್ಟು ಕೇಳದ ಮಗುವಿಗೆ ತಕರಾರು ಮಾಡಲು ಏನೂ ಇರುವುದಿಲ್ಲ.

ಮಡಿಕೇರಿ ದಸರೆಯನ್ನೇ ನೋಡಿ. ವಿಜಯದಶಮಿಯ ರಾತ್ರಿ ಪುರಾಣದ ದೃಶ್ಯಗಳನ್ನು ತೋರಿಸುವ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುತ್ತವೆ. ಅದೇ ಪುರಾಣ, ಅದೇ ದೇವಿ, ಅದೇ ಅಸುರ. ಕಥೆ ಗೊತ್ತಿಲ್ಲದವರು ಆ ಜನಜಂಗುಳಿಯಲ್ಲಿ ಯಾರಿದ್ದಾರೆ? ಆದರೂ ಬೆಳಗಿನ ಜಾವದವರೆಗೆ ಚಳಿಯಲ್ಲಿ ನಿಂತು ನೋಡುತ್ತೇವೆ, ನೋಡಿದ ಮೇಲೆ ವಾರಗಟ್ಟಲೆ ವಾದ ಮಾಡುತ್ತೇವೆ. ಈ ಸಲ ರಾಕ್ಷಸನ ತಲೆ ಬೇಗ ಉರುಳಿತು, ದೇವಿ ಬರುವಾಗ ಹೊಗೆ ಜಾಸ್ತಿಯಾಯ್ತು, ಹೋದ ವರ್ಷದ ಲೈಟಿಂಗ್ ಚೆನ್ನಾಗಿತ್ತು. ಆ ಜನಕ್ಕೆ ಯಾರಾದರೂ "ಪುರಾಣ ಬೇರೆ, ಮಂಟಪ ಬೇರೆ, ಸುಮ್ಮನಿರಿ" ಎಂದು ಹೇಳುತ್ತಾರೆಯೇ? ಅಷ್ಟು ಬಿಗಿಯಾಗಿ ನೋಡುವ ಜನ ಇರುವುದರಿಂದಲೇ ಮಂಟಪದವರೂ ತಿಂಗಳುಗಟ್ಟಲೆ ದುಡಿಯುತ್ತಾರೆ.

ಇದು ನಮ್ಮ ಹಳ್ಳಿಯ ಮಕ್ಕಳ ಗುಣ ಮಾತ್ರವಲ್ಲ. ಹ್ಯಾರಿ ಪಾಟರ್ ಓದಿ ಬೆಳೆದವರನ್ನು ಕೇಳಿ ನೋಡಿ. 2000ದಲ್ಲಿ ಬಂದ ನಾಲ್ಕನೇ ಪುಸ್ತಕದಲ್ಲಿ, ಸ್ಪರ್ಧೆಗೆ ಹೆಸರು ಆರಿಸುವ ಬೆಂಕಿಯ ಬಟ್ಟಲಿಗೆ ನೀನೇ ಹೆಸರು ಹಾಕಿದೆಯಾ ಎಂದು ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಹ್ಯಾರಿಯನ್ನು ಶಾಂತವಾಗಿ ಕೇಳುತ್ತಾರೆ. 2005ರ ಸಿನಿಮಾದಲ್ಲಿ ಅವರು ಓಡಿ ಬಂದು, ಹುಡುಗನನ್ನು ಹಿಡಿದು ಕೂಗುತ್ತಾರೆ. ಆ ಒಂದು ಕೂಗಿಗೆ ಜಗತ್ತಿನಾದ್ಯಂತ ಓದುಗರು ಇವತ್ತಿಗೂ ಸಮಾಧಾನವಾಗಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಕಾಲೇಜಿಗೆ ಹೋಗುತ್ತಾಳೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಇದೇ ವಿಷಯ ಹೇಳುತ್ತಾ ಬಸ್ಸು ತಪ್ಪಿಸಿಕೊಂಡಳು. ಮೆಚ್ಚಿದ ಅಜ್ಜನೊಬ್ಬ ಅಷ್ಟು ಜನರ ಮುಂದೆ ತಾಳ್ಮೆ ಕಳೆದುಕೊಂಡದ್ದನ್ನು ನೋಡಿದ ಹಾಗೆ ಆಗಿತ್ತು ಅವಳಿಗೆ.

ಹಾಗೆಂದು ಬದಲಾವಣೆಯೇ ಕೂಡದೆಂದು ನಾನು ಹೇಳುವುದಿಲ್ಲ. ಕುವೆಂಪು ಅವರ ಕಿಂದರಿಜೋಗಿ ಗೊತ್ತಲ್ಲ? ಮೂಲ, ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಬರೆದ ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆ. ಕುವೆಂಪು ಅದನ್ನು ತುಂಗಾ ತೀರದ ಬೊಮ್ಮನಹಳ್ಳಿಗೆ ತಂದರು. ಊರು ಬದಲಾಯಿತು, ಹೊಳೆ ಬದಲಾಯಿತು, ಮೇಯರ್ ಹೋಗಿ ಗೌಡ ಬಂದ. ಕನ್ನಡದ ಮಕ್ಕಳು ತಲೆಮಾರುಗಳಿಂದ ಅದನ್ನು ತಮ್ಮದೇ ಎಂದು ಹಾಡಿದ್ದಾರೆ. ಓಜ್ ಸಿನಿಮಾ ಕೂಡ ಪುಸ್ತಕದಲ್ಲಿಲ್ಲದ ಒಂದನ್ನು ಕೊಟ್ಟಿತು, ಕಾಮನಬಿಲ್ಲಿನ ಆಚೆಯ ನಾಡನ್ನು ನೆನೆಯುವ ಹಾಡು. ಮಾತು ಅರ್ಥವಾಗದಿದ್ದರೂ ನಮ್ಮ ಮಕ್ಕಳು ವಾರವಿಡೀ ಅದರ ರಾಗ ಗುನುಗಿದರು.

ಸಿನಿಮಾದ ಕೊನೆಗೆ ಬರುತ್ತೇನೆ. ಡೊರೊಥಿ ಕಣ್ಣು ಬಿಡುತ್ತಾಳೆ, ತನ್ನ ಮಂಚದಲ್ಲೇ ಇದ್ದಾಳೆ. ಸುತ್ತ ಚಿಕ್ಕಪ್ಪ ಚಿಕ್ಕಮ್ಮ, ತೋಟದ ಆಳುಗಳು. ತಲೆಗೆ ಪೆಟ್ಟು ಬಿದ್ದು ಕಂಡ ಕನಸು ಅದೆಲ್ಲ ಎನ್ನುವ ಹಾಗೆ ಕಥೆ ಮುಗಿಯುತ್ತದೆ. ದೀಪ ಹಾಕಿದೆವು. ಇಷ್ಟು ದಿನ ಬಾಯಿ ಬಿಡದಿದ್ದ ಆ ಹುಡುಗಿ ಎದ್ದು ನಿಂತಳು.

"ಹೊಸ ಮನೆ ಎಲ್ಲಿ ಹೋಯ್ತು, ಟೀಚರ್?"

ನನಗೆ ತಕ್ಷಣ ತಿಳಿಯಲಿಲ್ಲ. ಅವಳೇ ಹೇಳಿದಳು. "ನೀವು ಹೇಳಿದ ಕಥೆಯಲ್ಲಿ ಅವಳು ವಾಪಸ್ ಬರೋವಾಗ ಚಿಕ್ಕಪ್ಪ ಹೊಸ ಮನೆ ಕಟ್ಟಿರ್ತಾರೆ. ಹಳೇದು ಗಾಳೀಲಿ ಹೋಗಿತ್ತಲ್ಲ."

ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ಇದೆ. ಕೊನೆಗೆ ಡೊರೊಥಿ ಕಾನ್ಸಸ್ಸಿನ ಹುಲ್ಲುಗಾವಲಿನಲ್ಲಿ ಉರುಳಿ ಬಿದ್ದು ಎದ್ದು ಕೂತಾಗ, ಎದುರಿಗೆ ಹೆನ್ರಿ ಚಿಕ್ಕಪ್ಪ ಕಟ್ಟಿದ ಹೊಸ ಮನೆ. ಬೆಳ್ಳಿ ಪಾದರಕ್ಷೆ ದಾರಿಯ ಮರುಭೂಮಿಯಲ್ಲಿ ಬಿದ್ದು ಹೋಗಿದೆ. ಓದುವಾಗ ಒಂದು ಸಾಲಿನಲ್ಲಿ ದಾಟಿಹೋಗುವ ವಿವರ. ಆ ಒಂದು ಸಾಲಿನಿಂದಲೇ ಸುಂಟರಗಾಳಿ ನಿಜ, ಅವಳು ಹೋಗಿದ್ದು ನಿಜ, ಅವಳಿಲ್ಲದ ದಿನಗಳಲ್ಲಿ ಮನೆಯವರು ಮತ್ತೆ ಗೋಡೆ ಎಬ್ಬಿಸಿದ್ದೂ ನಿಜ. ಕನಸು ಎಂದ ಕೂಡಲೇ ಹಳೆಯ ಮನೆ ಹೋಗಿಯೇ ಇಲ್ಲವೆಂದಾಯಿತು. ಬೆಳ್ಳಿಯನ್ನು ಮಾಣಿಕ್ಯ ಮಾಡಿದ್ದನ್ನು ನಾನು ಒಪ್ಪುತ್ತೇನೆ. ಇದನ್ನು ಒಪ್ಪಲಾರೆ. ಆ ಹುಡುಗಿಗೆ ಯಾರಾದರೂ 2018 ಒಂದು ಕನಸು ಎಂದು ಹೇಳಬಲ್ಲರೇ?

ಬಾಮ್ ಇದನ್ನು ನೋಡಲಿಲ್ಲ, ಅವರು 1919ರಲ್ಲೇ ತೀರಿಕೊಂಡಿದ್ದರು. ಅವರ ಕಾಲದಲ್ಲೇ, 1902ರಲ್ಲಿ, ಈ ಕಥೆಯ ನಾಟಕ ಆಡಿದಾಗ ಟೋಟೋ ನಾಯಿಯ ಬದಲು ರಂಗದ ಮೇಲೆ ಇಮೋಜೆನ್ ಎಂಬ ಹಸು ಬಂದಿತ್ತು. ಬಾಮ್ ಮಕ್ಕಳ ಮಾತಿಗೆ ಕಿವಿ ಕೊಡುತ್ತಿದ್ದವರು. ಮುಂದಿನ ಕಥೆ ಹೇಳಿ ಎಂದು ಮಕ್ಕಳು ಪತ್ರ ಬರೆದದ್ದಕ್ಕೇ 1904ರಲ್ಲಿ ಎರಡನೇ ಪುಸ್ತಕ ಬರೆದರು. 1910ರಲ್ಲಿ ಆರನೆಯದರ ಕೊನೆಗೆ, ಓಜ್ ಇನ್ನು ಹೊರಗಿನವರ ಕಣ್ಣಿಗೆ ಕಾಣದು, ಸುದ್ದಿಯೂ ಬಾರದು ಎಂದು ಮುಗಿಸಲು ನೋಡಿದರು. ಮಕ್ಕಳು ಬಿಡಲಿಲ್ಲ. ವೈರ್‌ಲೆಸ್ ಇದೆಯಲ್ಲ, ಅದರಲ್ಲಿ ಡೊರೊಥಿಯ ಸುದ್ದಿ ತರಿಸಿಕೊಳ್ಳಿ ಎಂದು ಒಂದು ಮಗು ಉಪಾಯ ಹೇಳಿತಂತೆ. 1913ರ ಏಳನೇ ಪುಸ್ತಕ ಹಾಗೆಯೇ, ತಂತಿಯಿಲ್ಲದ ಟೆಲಿಗ್ರಾಫಿನಿಂದ ಬಂದ ಸುದ್ದಿ ಎಂದು ಶುರುವಾಯಿತು. ಅಂತೂ ಅವರು ಬರೆದ ಓಜ್ ಕಾದಂಬರಿಗಳು 14.

ಈ ವೈರ್‌ಲೆಸ್ ವಿಷಯ ಹೇಳಿದಾಗ ಮಕ್ಕಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮುಂದಿನ ಸೋಮವಾರ ಪಾಠ ಬಿಟ್ಟು ಎಲ್ಲರಿಂದಲೂ ಡೊರೊಥಿಗೆ ಪತ್ರ ಬರೆಸಿದೆ. ಗದರಿದ್ದಕ್ಕೆ ನಾನು ಮಾಡಿಕೊಂಡ ಪರಿಹಾರ ಅದು. ಕೊಡೆಯ ಹುಡುಗ ಎರಡು ಪುಟ ಬರೆದ. ಕನ್ನಡಕದ ಹುಡುಗ ಬರೆಯಲಿಲ್ಲ, ಕನ್ನಡಕವನ್ನೇ ಕಾಗದಕ್ಕೆ ಅಂಟಿಸಿ ಕೊಟ್ಟ. ಆ ಹುಡುಗಿಯ ಪತ್ರ ಇಲ್ಲಿದೆ. ಅವಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಬಾನುಲಿಯಲ್ಲಿ ಮಾತಾಡಲು ಹೋಗುತ್ತೇನೆ, ಓದಲೇ ಎಂದು ಕೇಳಿದ್ದಕ್ಕೆ, ಹೆಸರು ಹೇಳಬೇಡಿ, ಓದಿ ಎಂದಳು. ಓದುತ್ತೇನೆ.

"ಡೊರೊಥಿ, ನಿಮ್ಮ ಹೊಸ ಮನೆಯ ಬಾಗಿಲು ಯಾವ ಕಡೆಗೆ ಇದೆ? ನಮ್ಮದು ರಸ್ತೆ ಕಡೆಗೆ. ಹಳೇ ಮನೆಯಲ್ಲಿ ಬಾಗಿಲು ತೆಗೆದರೆ ಕಿತ್ತಳೆ ಮರ ಕಾಣುತ್ತಿತ್ತು. ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿನಗೆ ಬಂತಾ? ಟೋಟೋ ಎಲ್ಲಿ ಮಲಗುತ್ತದೆ?"

ನಮಸ್ಕಾರ.