ದಿಲ್ಲಿ ನಾಟಕ ಶಾಲಿ, ನಮ್ಮ ದೊಡ್ಡಪ್ಪನ ಹೆಜ್ಜಿ

ಎಲ್ಲಾರಿಗೂ ನಮಸ್ಕಾರ್ರಿ. ಕೊಪ್ಪಳದ ಗವಿಮಠದ ಜಾತ್ರಿ ಅಂದ್ರ ನನಗ ತೇರಿನ ಜೋಡಿನ ನೆನಪಾಗೋದು ನಾಟಕ ಕಂಪನಿ ಟೆಂಟು. ಮೂರನೇ ಬೆಲ್ ಹೊಡದು ಪರದೆ ಎದ್ದಿತಂದ್ರ ಅವ್ವನ ತೊಡಿ ಮ್ಯಾಲ ಅರ್ಧ ನಿದ್ದಿ ಮಾಡಿ ಅರ್ಧ ನಾಟಕ ನೋಡಿ ಬೆಳದವ ನಾನು, ಹಂಗಾಗಿ ನಾಟಕ ಕಲಸಾಕಂತನ ದಿಲ್ಲಿಯೊಳಗ ಸರ್ಕಾರದ್ದೊಂದು ಶಾಲಿ ಐತಿ ಅಂತ ಕಾಲೇಜಿನ್ಯಾಗ ಯಾರೋ ಹೇಳಿದಾಗ ನಂಬಾಕ ಆಗ್ಲಿಲ್ಲ.

ರಾಷ್ಟ್ರೀಯ ನಾಟಕ ಶಾಲೆ, ಎನ್‌ಎಸ್‌ಡಿ ಅಂತಾರಲ್ರಿ, ಅದು. ಸಂಗೀತ ನಾಟಕ ಅಕಾಡೆಮಿಯವ್ರು 1959ರಾಗ ಶುರು ಮಾಡಿದ್ರು, 1975ರಾಗ ಸ್ವಾಯತ್ತ ಸಂಸ್ಥೆ ಆತು. 1962ರಿಂದ 1977ರ ತನ ಇಬ್ರಾಹಿಂ ಅಲ್ಕಾಜಿ ನಿರ್ದೇಶಕರು, ಭಾಳ ಶಿಸ್ತಿನ ಮನಷ್ಯಾ, ನಮ್ಮ ಕಾರ್ನಾಡರ ತುಘಲಕ್ ನಾಟಕಾನ ದಿಲ್ಲಿ ಪುರಾನಾ ಕಿಲ್ಲಾದಾಗ ಆಡಿಸಿದವ್ರು ಅವ್ರ.

ಆದ್ರ ನನಗ ಹತ್ರದವ್ರು ಅನಸೋದು ಅವರ ಹಿಂದ ಬಂದ ಬಿ.ವಿ. ಕಾರಂತರು. ಸಣ್ಣವ್ರಿದ್ದಾಗ ಮನಿ ಬಿಟ್ಟು ಗುಬ್ಬಿ ಕಂಪನಿ ಸೇರಿ, ಮುಂದ ಕಾಶಿಗೆ ಹೋಗಿ ಓದಿ, ದಿಲ್ಲಿ ಶಾಲಿಯಾಗ ಕಲತು, 1977ರಾಗ ಅದ ಶಾಲಿಗೆ ನಿರ್ದೇಶಕರಾದ್ರು ನೋಡ್ರಿ! ಕಂಪನಿ ನಾಟಕದ ಧೂಳು ಕುಡದವ್ರು ಆ ಕುರ್ಚಿ ಮ್ಯಾಲ ಕುಂತಿದ್ದಕ್ಕನ ಶಾಲಿ ದಿಲ್ಲಿ ಬಿಟ್ಟು ಹೊರಗ ಬಂತು, ದೂರದ ಊರೊಳಗೆಲ್ಲಾ ಶಿಬಿರ ಆದ್ವು. ರಾಷ್ಟ್ರೀಯ ಅನ್ನೋ ಹೆಸರಿಗೆ ಆವಾಗ ತೂಕ ಬಂತು ಅಂತ ನಾ ಅಂತೀನಿ.

ನಮ್ಮೂರ ಕಡೆನೂ ಒಮ್ಮೆ ಬ್ಯಾಸಗಿ ಶಿಬಿರ ಆಗಿತ್ತು. ದಿಲ್ಲಿಯಾಗ ಕಲತು ಬಂದಿದ್ದ ಮೇಷ್ಟ್ರು ಮೊದಲ ದಿನ ಪಾಠ ಮಾಡ್ಲೇ ಇಲ್ಲ, "ನಿಮ್ಮೂರಾಗ ಬಯಲಾಟ ಕುಣಿಯೋರು ಯಾರದಾರಪಾ" ಅಂದ್ರು. ದೊಡ್ಡಪ್ಪನ್ನ ಕರಕೊಂಡು ಬಂದೆ. ಎಪ್ಪತ್ತು ದಾಟಿದ ಮನಷ್ಯಾ, ಹೊಲದಿಂದ ಹಂಗ ಬಂದಿದ್ದ, ಗೆಜ್ಜಿ ಕಟಗೊಂಡು ದುರ್ಯೋಧನನ ಹೆಜ್ಜಿ ಹಾಕಿದ್ರ ಸಾಲಿ ಅಂಗಳದಾಗ ಧೂಳೆದ್ತು, ಮೇಷ್ಟ್ರು ಚಪ್ಪಲಿ ಬಿಟ್ಟು ಅವನ ಹಿಂದ ನಿಂತು ಅದ ಹೆಜ್ಜಿ ಕಲಿಯಾಕ ಹತ್ತಿದ್ರು. ಅವತ್ತಿನ ತನ ದೊಡ್ಡಪ್ಪನ ಕುಣತಾನ ನಾವ ಮನಿ ಮಂದಿ ಕಲೆ ಅಂತ ತಿಳದಿರಲಿಲ್ರಿ.

ನಮ್ಮ ಜಿಲ್ಲಾದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವ್ರಿಗೆ ತೊಗಲುಗೊಂಬಿ ಆಟಕ್ಕ 2025ರಾಗ ಪದ್ಮಶ್ರೀ ಬಂತು, ಇಂಥವ್ರ ಮನಿ ಕಟ್ಟಿ ಮ್ಯಾಲ ಆ ಶಾಲಿ ಹುಡುಗ್ರು ತಿಂಗಳಗಟ್ಲೆ ಕುಂತು ಕಲೀಬೇಕು.

ದೊಡ್ಡಪ್ಪ ಈಗಿಲ್ಲ. ಆ ಹೆಜ್ಜಿ ಬಲ್ಲವ್ರು ನಮ್ಮೂರಾಗ ಇಬ್ರ ಉಳದಾರ, ಇಬ್ರಿಗೂ ಎಂಬತ್ತಾಗೇತಿ. ದಿಲ್ಲಿಯವ್ರು ಬರೋದಾದ್ರ ಈ ಬ್ಯಾಸಗಿಗೇ ಬರ್ರಿ, ಗೆಜ್ಜಿ ನಮ್ಮನ್ಯಾಗ ಇನ್ನೂ ಅದಾವು.